ಓದಿ ತಲೆಯಾಡಿಸಿದ ಮೇಲೆ

12 ಜನವರಿ 1981, ಸೋಮವಾರ

ಇವತ್ತು ಕಮಾಲಸಾಬನ ಕೂಡ ಮಾತು ಬಿಟ್ಟೆ. ಬರೀ ಬಿಟ್ಟದ್ದಲ್ಲ, ಆಣೆ ಇಟ್ಟು ಬಿಟ್ಟೆ, ಅದೂ ಹತ್ತು ಜನರ ಮುಂದೆ.

ಹಗರಿಬೊಮ್ಮನಹಳ್ಳಿ ತಾಲ್ಲೂಕು ಕಚೇರಿಯ ಎದುರಿಗೆ ಬೇವಿನ ಮರದ ಕಟ್ಟೆ. ಕಟ್ಟೆಯ ಈ ಕಡೆ ನಾನು ಕ್ರಯಪತ್ರ, ಆಸ್ತಿ ಪಾಲಿನ ವಾಟ್ನಿಪತ್ರ ಬರೆಯುವ ಕೋಣೆ, ಆ ಕಡೆ ಅವನ ಗಡಿಯಾರ ರಿಪೇರಿ ಅಂಗಡಿ. ಹತ್ತೊಂಬತ್ತು ವರ್ಷದಿಂದ ದಿನಾ ಮಧ್ಯಾಹ್ನದ ಮೇಲೆ ಇಬ್ಬರೂ ಆ ಕಟ್ಟೆಗಲ್ಲಿನಲ್ಲಿ ಕೊರೆದ ಹುಲಿ-ಕುರಿ ಮನೆಗಳ ಮೇಲೆ ಬಾಗಿ ಕೂತವರು. ಮೂರು ಹುಲಿ, ಹದಿನೈದು ಕುರಿ. ಹುಲಿ ಕುರಿಯನ್ನು ಹಾರಿ ತಿನ್ನಬೇಕು, ಕುರಿಗಳು ಸೇರಿ ಹುಲಿಯನ್ನು ಅಲುಗದಂತೆ ಕಟ್ಟಬೇಕು. ಇಷ್ಟೇ ಆಟ.

ಇವತ್ತು ಅವನದು ಕುರಿ. ನನ್ನ ಹುಲಿ ಬಾಯಿ ತೆರೆದು ಕೂತಿತ್ತು, ಇನ್ನೊಂದು ನಡೆಗೆ ಎರಡು ಕುರಿ ಹೋಗಬೇಕಿತ್ತು. ಅಷ್ಟರಲ್ಲಿ ಅವನು ಒಂದು ಕುರಿ ಎತ್ತಿ, ಪಕ್ಕದ ಮನೆಯಲ್ಲಿ ಇಡಬೇಕಾದದ್ದನ್ನು ಅದರಾಚೆಯ ಮನೆಗೆ ದಾಟಿಸಿಬಿಟ್ಟ.

"ಎರಡು ಮನಿ ಜಿಗಿಸಿದೆಲ್ಲಲೇ" ಅಂದೆ.

"ಒಂದ ಸರಿಸೀನಿ."

ಕಲ್ಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಬಗ್ಗಿ ನೋಡಿದ. ನೋಡಿಯೂ "ಒಂದ" ಅಂದ. ಹತ್ತೊಂಬತ್ತು ವರ್ಷದ ಸ್ನೇಹಿತ ನನ್ನ ಕಣ್ಣೆದುರೇ ಸುಳ್ಳು ಹೇಳುತ್ತಾನಲ್ಲ ಎಂದು ಮೈ ಉರಿದುಹೋಯಿತು. "ಕಳ್ಳ ಅದೀ ನೀನು. ಇನ್ನ ನಿನ್ನ ಕೂಡ ಒಂದು ಮಾತು ಆಡಿದ್ರ ಕೊಟ್ಟೂರ ದೇವ್ರು ಕೊಟ್ರಪ್ಪನಾಣಿ" ಅಂದೆ. ಅವನು ಎದ್ದ. ಟೋಪಿ ಸರಿ ಮಾಡಿಕೊಂಡು ಅಂಗಡಿಯೊಳಗೆ ಹೋದ.

ಮನೆಯಲ್ಲಿ ಹೇಳಿದರೆ ಕಲ್ಯಾಣಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ, "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು. ಊರಿನ ಮಂದಿ ವಾಚು ನಂಬಿ ಕೊಡೋದು ಅವರ ಕೈಯಾಗ. ಅಂಥವ್ರಿಗೆ ಕಳ್ಳ ಅಂದ್ರ್ಯಾ?" ಎಂದಳು. ಹೆಂಡತಿಯೂ ಅವನ ಕಡೆ. ಇರಲಿ.

24 ಜನವರಿ, ಶನಿವಾರ

ಹನ್ನೆರಡು ದಿನವಾಯಿತು. ಆಣೆ ಇಟ್ಟವನು ನಾನು, ಆದರೆ ಅವನೂ ಬಾಯಿ ಬಿಡುವುದಿಲ್ಲ. ಜಂಬ ಬೇರೆ ಬಂದಿದೆ ಅವನಿಗೆ. ಈಗ ಕೈಗಡಿಯಾರ ಮುಟ್ಟುವುದೇ ಇಲ್ಲವಂತೆ, ಗೋಡೆ ಗಡಿಯಾರ, ಟೈಂಪೀಸು ಮಾತ್ರ. ನಿನ್ನೆ ನನ್ನ ವಾಚು ನಿಂತುಹೋಗಿ, ಕಟ್ಟೆಯ ಪಕ್ಕ ಮಿರ್ಚಿ ಕರಿಯುವ ಗಾದೆಮ್ಮನ ಕೈಯಲ್ಲಿ ಕಳಿಸಿದರೆ ಬಿಚ್ಚದೆಯೇ ವಾಪಸು ಕೊಟ್ಟಿದ್ದಾನೆ.

ಇವತ್ತು ಅದೇ ಗಾದೆಮ್ಮ ಒಲೆ ಬಿಟ್ಟು ಎದ್ದು ಬಂದು, ಕಟ್ಟೆಯ ಮೇಲೆ ಹುಣಸೆ ಬೀಜ ಹದಿನೈದು, ಕಲ್ಲು ಮೂರು ಇಟ್ಟಳು. ಸೊಂಟದ ಮೇಲೆ ಕೈಯಿಟ್ಟು ನಿಂತಳು.

"ಹಾಲೇಶಪ್ಪಾರ, ಆವತ್ತು ಏನಂತ ಆಣಿ ಇಟ್ರಿ?"

"ಮಾತಾಡಂಗಿಲ್ಲ ಅಂತ."

"ಆಟ ಆಡಂಗಿಲ್ಲ ಅಂತ ಅಂದ್ರ್ಯಾ?"

ಇಲ್ಲ. ಅಂದಿರಲಿಲ್ಲ.

"ಮತ್ತ? ಆಣಿ ಬಾಯಿಗೆ ಐತಿ. ಕೈಗೆ ಎಲ್ಲಿ ಐತಿ?"

ಆಕೆಗೆ ಅಕ್ಷರ ಬರುವುದಿಲ್ಲ. ಇಪ್ಪತ್ತಾರು ವರ್ಷದಿಂದ ಪತ್ರ ಬರೆಯುವ ನನಗೆ, ನನ್ನದೇ ಆಣೆಯನ್ನು ಹೇಗೆ ಓದಬೇಕು ಎಂದು ಹೇಳಿಕೊಟ್ಟಳು. ಆಡದಂತೆ ತಡೆಯುವ ಮಾತು ಆಣೆಯಲ್ಲಿ ಇಲ್ಲವೇ ಇಲ್ಲ. ಬರೆಯುವುದಕ್ಕೂ ತಡೆಯಿಲ್ಲ. ಸಂಜೆಯಿಂದ ತಲೆಯಲ್ಲಿ ಇದೇ ಓಡುತ್ತಿದೆ. ಆಟದಲ್ಲಿ ಅವನನ್ನು ಕಟ್ಟಿಹಾಕಿ, ಅವನ ಕಳ್ಳತನವನ್ನು ಅವನ ಬಾಯಿಂದಲೇ ಒಪ್ಪಿಸಬೇಕು.

26 ಜನವರಿ, ಸೋಮವಾರ

ಕಚೇರಿಗೆ ರಜೆ, ಕಟ್ಟೆ ಖಾಲಿ. ಮಕ್ಕಳು ಬರೆಯುವ ಕಲ್ಲಿನ ಪಾಟಿ ಒಂದನ್ನೂ ಬಳಪವನ್ನೂ ಕೊಂಡೊಯ್ದೆ. ಮೇಲೆಯೇ ದಪ್ಪಗೆ ಬರೆದೆ:

ಒಂದು. ಈ ಪಾಟಿಯಲ್ಲಿ ಬರೆದದ್ದೇ ನಿಯಮ. ಬರೆಯದ್ದು ನಿಯಮವಲ್ಲ.
ಎರಡು. ಆ ದಿನ ಗೆದ್ದವನು ಒಂದು ಹೊಸ ನಿಯಮ ಬರೆಯಬಹುದು. ಸೋತವನು ಅದನ್ನು ಓದಿ ತಲೆಯಾಡಿಸಿದ ಮೇಲೆಯೇ ಅದು ಜಾರಿ.
ಮೂರು. ಜಾರಿಯಾದ ನಿಯಮವನ್ನು ಒಬ್ಬನೇ ಅಳಿಸುವಂತಿಲ್ಲ. ಇಬ್ಬರ ಕೈಯೂ ಕೂಡಬೇಕು.

ಗಾದೆಮ್ಮ ಪಾಟಿಯನ್ನು ಅವನಿಗೆ ಕೊಟ್ಟಳು. ಅವನು ಅದನ್ನು ಅಂಗಡಿಯೊಳಗೆ ಒಯ್ದ. ಅರ್ಧ ಗಂಟೆ ಹೊರಗೆ ಬರಲಿಲ್ಲ. ವಾಚಿನೊಳಗೆ ಇಣುಕುವ ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಂಡು ಓದುತ್ತಿದ್ದನಂತೆ. ಮೂರು ಸಾಲಿಗೆ ಅಷ್ಟು ಪರೀಕ್ಷೆ ಮಾಡುತ್ತಾನೆ ಎಂದರೆ ಕಳ್ಳನ ಮನಸ್ಸು ಹುಳ್ಳಗೆ ಅನ್ನುವುದು ಸುಳ್ಳಲ್ಲ. ಬಂದು ತಲೆಯಾಡಿಸಿದ, ಕೂತ. ಸಂಜೆಯ ತನಕ ಆಡಿದೆವು. ಒಂದು ಮಾತಿಲ್ಲ, ಬರೀ ಬೀಜ ಸರಿಯುವ ಸದ್ದು.

ನಾನೇ ಗೆದ್ದೆ. ನಾಲ್ಕನೆಯದನ್ನು ಪತ್ರದ ಕೊನೆಯಲ್ಲಿ ಷರತ್ತು ತುರುಕುವಾಗ ಬರೆಯುವಂಥ ಸಣ್ಣ ಅಕ್ಷರದಲ್ಲಿ ಬರೆದೆ:

ನಾಲ್ಕು. ತಪ್ಪು ಮನೆಯಲ್ಲಿ ಕಾಯಿ ಇಟ್ಟವನು ತಾನು ಕಳ್ಳನೆಂದು ಒಪ್ಪಿಕೊಂಡಂತೆ.

ಪಾಟಿ ಎಸೆದು ಎದ್ದು ಹೋಗುತ್ತಾನೆ ಎಂದುಕೊಂಡಿದ್ದೆ. ಅವನು ಮಬ್ಬು ಬೆಳಕಿನಲ್ಲಿ ಪಾಟಿಯನ್ನು ಒಂದು ಕ್ಷಣ ಹಿಡಿದ, ತಕ್ಷಣ ತಲೆಯಾಡಿಸಿದ. ಮುಖದಲ್ಲಿ ಒಂದು ಗೆರೆ ಬದಲಾಗಲಿಲ್ಲ. ಎಂಥ ಗಟ್ಟಿಗ.

29 ಜನವರಿ, ಗುರುವಾರ

ನಿನ್ನೆ ಅವನು ಗೆದ್ದ. ಪಾಟಿಯ ಮೇಲೆ ಮೂಲಂಗಿಯಂಥ ದಪ್ಪ ಅಕ್ಷರದಲ್ಲಿ, ಸಾಲು ಓರೆಯಾಗಿ ಬರೆದ:

ಐದು. ಕುರಿ ಎಂದರೆ ಹುಣಸೆ ಬೀಜವಲ್ಲ, ಬಿಳಿ ಗುಂಡಿ. ಹುಲಿ ಎಂದರೆ ಕಲ್ಲಲ್ಲ, ಗಡಿಯಾರದ ಹಲ್ಲುಚಕ್ರ.

ಇವತ್ತು ಅಂಗಿಯ ಬಿಳಿ ಗುಂಡಿ ಹದಿನೈದು, ಹಳೆಯ ಗೋಡೆ ಗಡಿಯಾರದ ಹಿತ್ತಾಳೆ ಚಕ್ರ ಮೂರು ತಂದಿಟ್ಟ. ಇದರಲ್ಲಿ ಏನು ತಂತ್ರ ಇದೆ ಎಂದು ಮಧ್ಯಾಹ್ನವೆಲ್ಲಾ ಯೋಚಿಸಿದೆ. ಗುಂಡಿಗೆ ನಾಲ್ಕು ತೂತು, ಚಕ್ರಕ್ಕೆ ಹಲ್ಲು. ತೂಕವೋ? ಗಾಳಿಗೆ ಹಾರಬಾರದು ಅಂತಲೋ? ತಿಳಿಯಲಿಲ್ಲ. ತಿಳಿಯದ್ದಕ್ಕೇ ಖುಷಿಯಾಗುತ್ತಿದೆ. ಇಷ್ಟು ವರ್ಷ ಆಡಿದ ಆಟದಲ್ಲಿ ಈ ಖುಷಿ ಇರಲಿಲ್ಲ. ನಾಳೆ ಬೆಳಗಾಗುವುದೇ ತಡ ಅನಿಸುತ್ತಿದೆ.

3 ಫೆಬ್ರವರಿ, ಮಂಗಳವಾರ

ಎರಡು ದಿನ ಸತತ ಗೆದ್ದೆ. ಕಾರಣ ನನ್ನ ಆರನೆಯ ನಿಯಮ: "ಮುಟ್ಟಿದ ಕಾಯಿಯನ್ನು ನಡೆಸಲೇಬೇಕು." ಕಮಾಲ ಈಚೆಗೆ ನಡೆಯುವ ಮುಂಚೆ ಒಂದೊಂದೇ ಕಾಯಿಯನ್ನು ಮುಟ್ಟಿ ಮುಟ್ಟಿ ನೋಡುವ ಚಟ ಹತ್ತಿಸಿಕೊಂಡಿದ್ದಾನೆ. ಅದನ್ನು ಗಮನಿಸಿಯೇ ಬರೆದೆ. ಅವನು ಮೊದಲ ಗುಂಡಿ ಮುಟ್ಟಿದ ಕೂಡಲೇ ಪಾಟಿ ಕುಟ್ಟಿ ತೋರಿಸಿದೆ, ಸುತ್ತ ನಿಂತವರು ಯಾರೋ ಅದನ್ನು ಗಟ್ಟಿಯಾಗಿ ಓದಿದರು. ಬೇಡದ ಕುರಿಯನ್ನು ನಡೆಸಿ ಕೆಟ್ಟ.

ಒಮ್ಮೆ ಕುರಿಯನ್ನು ಗೆರೆಯೇ ಇಲ್ಲದ ಜಾಗದಲ್ಲಿ ಇಟ್ಟ. ನಾಲ್ಕನೆಯ ನಿಯಮದ ಮೇಲೆ ಬೆರಳಿಟ್ಟೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅನ್ನುತ್ತಾರಲ್ಲ, ಇವನು ಅದೂ ಮಾಡಲಿಲ್ಲ. ಸುಮ್ಮನೆ ಗುಂಡಿಯನ್ನು ತೆಗೆದು ಕೈಯಲ್ಲಿ ಹಿಡಿದು, ನಾನು ತೋರಿಸಿದ ಕಡೆ ಇಟ್ಟ. ನನಗೆ ಗೆದ್ದಷ್ಟು ಸುಖವಾಗಲಿಲ್ಲ, ಯಾಕೋ ಗೊತ್ತಿಲ್ಲ. ಮಿರ್ಚಿಯೂ ಸಪ್ಪೆ ಇತ್ತು.

5 ಫೆಬ್ರವರಿ, ಗುರುವಾರ

ಕಮಾಲ ಗೆದ್ದ. ಗೆದ್ದು ಬರೆದ ಏಳನೆಯ ನಿಯಮವನ್ನು ಇಲ್ಲಿ ಪೂರ್ತಿ ಇಳಿಸಿಕೊಳ್ಳುತ್ತೇನೆ. ಇಂಥದ್ದನ್ನು ದಾಖಲೆಯಲ್ಲಿ ಇಡಬೇಕು:

ಪ್ರತಿ ನಡೆಗೆ ಮುಂಚೆ ಎಲ್ಲಾ ಕಾಯಿಗಳ ಮೇಲೆ ಒಂದು ಸಲ ಕೈ ಆಡಿಸಬಹುದು. ಅದು ಮುಟ್ಟಿದ್ದಲ್ಲ.

ಅದು ಮುಟ್ಟಿದ್ದಲ್ಲ. ನನ್ನ ನಿಯಮ ಅಳಿಸಲಿಲ್ಲ, ತಿದ್ದಲಿಲ್ಲ. ಮುಟ್ಟುವುದು ಎಂದರೆ ಯಾವುದು ಅಲ್ಲ ಎಂದು ಬರೆದು, ನನ್ನ ಆರನೆಯದನ್ನು ನಿಂತಲ್ಲೇ ಕಾಲಿಲ್ಲದಂತೆ ಮಾಡಿಬಿಟ್ಟ. ನಾನು ಚಾಪೆ ಕೆಳಗೆ ತೂರಿದರೆ ಇವನು ರಂಗೋಲಿ ಕೆಳಗೆ ತೂರುತ್ತಾನೆ. ಒಂದು ವಾಟ್ನಿಪತ್ರದಲ್ಲಿ ಹೀಗೆ ಒಂದು ಸಾಲು ಬರೆದಿದ್ದರೆ ಎಷ್ಟು ಅಣ್ಣತಮ್ಮಂದಿರು ಕೋರ್ಟಿಗೆ ಹೋಗುವುದು ತಪ್ಪುತ್ತಿತ್ತು. ಓದಿ ತಲೆಯಾಡಿಸುವ ಬದಲು ಚಪ್ಪಾಳೆ ತಟ್ಟಬೇಕು ಅನಿಸಿತು. ತಟ್ಟಲಿಲ್ಲ.

ಊಟಕ್ಕೆ ಕೂತಾಗ ಕಲ್ಯಾಣಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿ ಅಂದಳು, "ಹದಿನೈದು ದಿನದಿಂದ ನಿಮ್ಮ ಬಾಯಾಗ ಕಮಾಲಸಾಬರ ಹೆಸರು ಬಿಟ್ರ ಬ್ಯಾರೆ ಇಲ್ಲ. ಮಾತು ಬಿಟ್ಟೋರು ಹಿಂಗ ಇರ್ತಾರೇನು?" ವೈರಿಯ ಹೆಸರು ಹೇಳದೆ ಯುದ್ಧ ಹೇಗೆ ಮಾಡುವುದು?

9 ಫೆಬ್ರವರಿ, ಸೋಮವಾರ

ಎಂಟನೆಯದೂ ಅವನದೇ: "ಕಾಯಿ ನಡೆಸಿದವನು ಅದನ್ನಿಟ್ಟ ಮನೆಯನ್ನು ಬೆರಳಿನಿಂದ ಎರಡು ಸಲ ತಟ್ಟಬೇಕು."

ಇವತ್ತು ಆ ಸಾಲನ್ನು ನಾಲ್ಕಾರು ಸಲ ಓದಿದೆ. ಬೆರಳಿನಿಂದ ಎಂದಿದೆ, ಎರಡು ಸಲ ಎಂದಿದೆ. ಕೇಳುವಂತೆ ಎಂದಿಲ್ಲ. ಸರಿ, ನಾನು ಹತ್ತಿಯ ಮೇಲೆ ತಟ್ಟಿದ ಹಾಗೆ ಮೆತ್ತಗೆ ತಟ್ಟಿದೆ. ಅವನು ತಲೆ ವಾರೆ ಮಾಡಿ ಕಾಯುತ್ತಲೇ ಇದ್ದ. "ತಟ್ಟಿದ್ರಪಾ ಸಾಬ್ರ" ಎಂದು ಗಾದೆಮ್ಮ ಹೇಳಿದ ಮೇಲೆ ಕೈ ಆಡಿಸಿದ. ಮೂರನೆಯ ಸಲ ಆಕೆ ಬಾಣಲೆಯ ಕಡೆ ತಿರುಗಿದ್ದಾಗ ನನ್ನ ಹುಲಿ ಎಲ್ಲಿದೆ ಎಂದು ಹುಡುಕುವುದರಲ್ಲೇ ಸೋತ. ಪತ್ರ ಬರೆಸಲು ಬಂದು ಕಟ್ಟೆಯ ಸುತ್ತ ನಿಂತಿದ್ದ ಹಂಪಾಪಟ್ಟಣದ ಮಂದಿ ಹೋ ಎಂದರು. ಅಕ್ಷರ ನೋಡಿ ಆಡುವುದು ಎಂದರೆ ಇದು.

ಗಾದೆಮ್ಮ ಮಾತ್ರ ನನಗೆ ಮಿರ್ಚಿ ಕೊಡಲಿಲ್ಲ. "ತೀರ್ಯಾವು" ಅಂದಳು. ಬುಟ್ಟಿಯಲ್ಲಿ ಕಾಣುತ್ತಿದ್ದವು.

13 ಫೆಬ್ರವರಿ, ಶುಕ್ರವಾರ

ಮರುದಿನವೇ "ಕೇಳುವಂತೆ" ಎಂದು ಸೇರಿಸಿ ಇನ್ನೊಂದು ನಿಯಮ ಬಂತು. ಹತ್ತನೆಯದಾಗಿ "ಹೊತ್ತು ಮುಳುಗುವ ಮುಂಚೆ ಆಟ ಮುಗಿಯಬೇಕು" ಎಂಬುದೂ ಬಂತು. ಕತ್ತಲಾದರೆ ನಾನು ಗೆಲ್ಲುತ್ತೇನೆ ಎಂದು ಭಯ ಅವನಿಗೆ. ಪಾಟಿ ತುಂಬಿತು. ಹೊಸ ಪಾಟಿ ತರಬೇಕು.

ಕೆಲಸವೂ ಜೋರು. ಇದೇ 21ಕ್ಕೆ ಊರಿನ ಒಂದು ಶಾಲೆಯಲ್ಲಿ ಕಣ್ಣಿನ ಕ್ಯಾಂಪು. ತಂಬ್ರಹಳ್ಳಿ ಕಡೆಯಿಂದೆಲ್ಲಾ ಮುದುಕ ಮುದುಕಿಯರು ಅರ್ಜಿ ಬರೆಸಲು ಬರುತ್ತಿದ್ದಾರೆ. ಪೊರೆ ತೆಗೆದು ಕನ್ನಡಕ ಕೊಡುತ್ತಾರಂತೆ. ಜೊತೆಗೆ ಒಬ್ಬರು ಇರಲೇಬೇಕು ಎಂದು ಅರ್ಜಿಯಲ್ಲೇ ಇದೆ.

16 ಫೆಬ್ರವರಿ, ಸೋಮವಾರ

ಇವತ್ತಿನದನ್ನು ನೆನೆದರೆ ನಗು ತಡೆಯಲಾಗುತ್ತಿಲ್ಲ. ಗೆದ್ದೆ. ಹೊಸ ಪಾಟಿಯ ಮೇಲೆ ಹನ್ನೊಂದನೆಯ ನಿಯಮ ಬರೆದೆ. ಗಡಿಬಿಡಿಯಲ್ಲಿ ಪಾಟಿಯನ್ನು ತಿರುಗುಮುರುಗಾಗಿ ಕೊಟ್ಟುಬಿಟ್ಟೆ, ಅಂದರೆ ಏನೂ ಬರೆಯದ ಮುಖ ಅವನ ಕಡೆಗಿತ್ತು. ಕಮಾಲ ಅದನ್ನು ಎತ್ತಿ ಹಿಡಿದ. ಒಂದು ಸಾಲು ಓದುವಷ್ಟು ಹೊತ್ತು ನೋಡಿದ. ತಲೆಯಾಡಿಸಿದ.

ಖಾಲಿ ಪಾಟಿಗೆ ತಲೆಯಾಡಿಸಿದ! ಇನ್ನು ಇದನ್ನು ಹೇಗೆ ಓದುವುದು? ಏನೂ ಇಲ್ಲದ್ದಕ್ಕೆ ಒಪ್ಪಿದವನು ಏನನ್ನು ಒಪ್ಪಿದ ಹಾಗೆ? ಏನು ಬೇಕಾದರೂ ಬರೆದುಕೋ ಎಂದು ಸಹಿ ಮಾಡಿಕೊಟ್ಟ ಹಾಗೆಯೇ? ಅಥವಾ ಬರೆದದ್ದು ಪಾಟಿಯ ಇನ್ನೊಂದು ಮುಖದ ಮೇಲೆ ಇದ್ದುದರಿಂದ ಅದು ಜಾರಿಯೇ ಆಗಲಿಲ್ಲವೇ? ಎರಡನೆಯ ನಿಯಮ ಓದಿ ತಲೆಯಾಡಿಸಬೇಕು ಅನ್ನುತ್ತದೆ. ಅವನು ಓದಲಿಲ್ಲ, ಓದಲು ಅಲ್ಲಿ ಏನೂ ಇರಲಿಲ್ಲ, ಆದರೂ ಓದಿದವನಂತೆ

ಇಲ್ಲಿಗೆ ಬರೆಯುವುದು ನಿಂತಿತ್ತು. ಎದ್ದು ನೀರು ಕುಡಿದು ಬಂದೆ.

ಅವನಿಗೆ ಕಾಣುವುದಿಲ್ಲ.

ಕರಿ ಕಲ್ಲಿನ ಮೇಲೆ ಕಪ್ಪು ಬೀಜ ಕಾಣಲಿಲ್ಲ, ಬಿಳಿ ಗುಂಡಿ ಕೇಳಿದ. ಗುಂಡಿಗೂ ಹುಲಿಗೂ ವ್ಯತ್ಯಾಸ ಬೆರಳಿಗೆ ತಿಳಿಯಲಿ ಎಂದು ಹಲ್ಲುಚಕ್ರ ತಂದ. ಕೈ ಆಡಿಸಿದ್ದು, ತಟ್ಟಲು ಹೇಳಿದ್ದು, ಹೊತ್ತು ಮುಳುಗುವ ಮುಂಚೆ ಎಂದದ್ದು, ಕೈಗಡಿಯಾರ ಬಿಟ್ಟದ್ದು. ನನ್ನ ವಾಚು. ನಾನು ಒಂದೊಂದರಲ್ಲೂ ಕುತಂತ್ರ ಹುಡುಕುತ್ತಾ ಕೂತಿದ್ದೆ. ಮೆತ್ತಗೆ ತಟ್ಟಿ ಗೆದ್ದೆ.

ಆವತ್ತಿನ ಕುರಿಯನ್ನು ಅವನು ಒಂದೇ ಮನೆ ಸರಿಸಿದ್ದ. ಅವನ ಕಣ್ಣಿಗೆ ಅದು ಒಂದೇ ಮನೆ. ಅವನು ಸುಳ್ಳು ಹೇಳಿರಲಿಲ್ಲ. ನಾನು ಹತ್ತು ಜನರ ಮುಂದೆ ಕಳ್ಳ ಅಂದೆ.

17 ಫೆಬ್ರವರಿ, ಮಂಗಳವಾರ

ಕಲ್ಯಾಣಮ್ಮ ಬೆಳಿಗ್ಗೆಯೇ ಅವನ ಮನೆಗೆ ಹೋಗಿ ಅವನ ಹೆಂಡತಿ ಲಾಲ್ ಬೀಯ ಹತ್ತಿರ ಕೂತು ಬಂದಳು. ನಿಜವಂತೆ. ಒಂದು ವರ್ಷದಿಂದ ಮಬ್ಬು. "ಕಣ್ಣು ಹೋಗ್ಯಾವು ಅಂತ ಊರಾಗ ತಿಳದ್ರ ಒಂದು ವಾಚೂ ಬರಂಗಿಲ್ಲ, ಯಾರ್ಗೂ ಹೇಳಬ್ಯಾಡ" ಎಂದು ಹೆಂಡತಿಯಿಂದ ಮಾತು ತೆಗೆದುಕೊಂಡಿದ್ದಾನೆ. ಕ್ಯಾಂಪು ಎಂದರೆ ಹೆದರಿಕೆ. ಕತ್ತರಿ ಹಾಕಿ ಇದ್ದದ್ದೂ ಹೋದರೆ ಎಂದು.

ಕ್ಯಾಂಪಿಗೆ ಇನ್ನು ನಾಲ್ಕೇ ದಿನ. ಮುಂದಿನದು ಒಂದು ವರ್ಷ ಬಿಟ್ಟು. ಅಷ್ಟರಲ್ಲಿ ಪೊರೆ ಬಲಿತು ಕಣ್ಣೇ ಹೋಗಬಹುದು ಎಂದು ಕ್ಯಾಂಪಿನ ಕಂಪೌಂಡರು ಹೇಳಿದ.

ಗಾದೆಮ್ಮನ ಬಾಯಿಂದ ಹೇಳಿಸಿದೆ, ಸುಮ್ಮನೆ ಒಮ್ಮೆ ತೋರಿಸಿಕೊಂಡು ಬರ್ರಿ ಎಂದು. "ನನ್ನ ಕಣ್ಣಿಗೇನಾಗೈತಿ, ಗಿಡುಗನ ಕಣ್ಣು ಅದಾವು" ಅಂದನಂತೆ. ಇನ್ನು ಇರುವುದು ಒಂದೇ ದಾರಿ. ಗೆಲ್ಲಬೇಕು, ಗೆದ್ದು ಬರೆಯಬೇಕು. ಪಾಟಿಯ ಮೇಲೆ ಬಂದದ್ದನ್ನು ಅವನು ಒಮ್ಮೆಯೂ ಮೀರಿದವನಲ್ಲ.

18 ಫೆಬ್ರವರಿ

ಸೋತೆ.

19 ಫೆಬ್ರವರಿ

ಸೋತೆ. ಜೋರಾಗಿ ತಟ್ಟಿ ತಟ್ಟಿ ಬೆರಳು ಕೆಂಪಾಗಿದೆ. ಕಾಣದವನು ಎಷ್ಟು ಚೆನ್ನಾಗಿ ಆಡುತ್ತಾನೆ. ಇಡೀ ಕಟ್ಟೆಯನ್ನು ತಲೆಯಲ್ಲಿ ಇಟ್ಟುಕೊಂಡಿದ್ದಾನೆ. ಅವನ ಮೇಲೆ ಸಿಟ್ಟೂ ಬರುತ್ತಿದೆ, ಹೆಮ್ಮೆಯೂ ಆಗುತ್ತಿದೆ. ನಾಳೆ ಒಂದೇ ದಿನ ಉಳಿದಿದೆ.

20 ಫೆಬ್ರವರಿ, ಶುಕ್ರವಾರ

ಬಂದವನೇ ಬರೆಯಲು ಕೂತಿದ್ದೇನೆ, ಅಕ್ಷರ ಓಡಿದರೆ ಓಡಲಿ.

ನನ್ನದು ಕುರಿ. ಮೂರು ಹುಲಿಯಲ್ಲಿ ಎರಡನ್ನು ಕಟ್ಟಿದ್ದೆ, ಆರು ಕುರಿ ಸತ್ತಿದ್ದವು. ಹೊತ್ತು ಕಚೇರಿಯ ಹಿಂದಕ್ಕೆ ಇಳಿಯುತ್ತಿತ್ತು. ಮೂರನೆಯ ಹುಲಿಗೆ ತಪ್ಪಿಸಿಕೊಳ್ಳಲು ಒಂದೇ ಬಾಗಿಲು ಉಳಿದಿತ್ತು. ಅವನು ಕೈ ಆಡಿಸಿದ, ಒಂದು ಗುಂಡಿಯ ಮೇಲೆ ಬೆರಳು ನಿಲ್ಲಿಸಿದ, ನಕ್ಕ. ಬಾಗಿಲು ಸಿಕ್ಕಿಬಿಟ್ಟಿತು ಎಂದುಕೊಂಡೆ. ಆದರೆ ಅದೇ ಹುಲಿಯಿಂದ ಮೂಲೆಯ ಕುರಿ ತಿನ್ನುವ ಆಸೆಗೆ ಬಿದ್ದ. ನಾನು ಬಾಗಿಲು ಮುಚ್ಚಿ ಎರಡು ಸಲ ತಟ್ಟಿದೆ. ಗೆದ್ದೆ. ಗಾದೆಮ್ಮ ಮಿರ್ಚಿ ತೆಗೆಯುವ ಜಾರೆಕೋಲು ಬಿಟ್ಟು ಎದ್ದು ನಿಂತಳು.

ಪಾಟಿ ತೆಗೆದುಕೊಂಡು ಇಡೀ ಮುಖದ ತುಂಬಾ ಬೆರಳು ದಪ್ಪದ ಅಕ್ಷರದಲ್ಲಿ ಬರೆದೆ: "ಸೋತವನು ನಾಳೆ ಬೆಳಿಗ್ಗೆ ಗೆದ್ದವನ ಜೊತೆ ಕಣ್ಣಿನ ಕ್ಯಾಂಪಿಗೆ ಬರಬೇಕು." ಬರೆದ ಮುಖವೇ ಅವನ ಕಡೆಗಿದೆ ಎಂದು ಎರಡು ಸಲ ನೋಡಿ ಕೊಟ್ಟೆ.

ಮೂಗಿನ ಹತ್ತಿರ ಹಿಡಿದ. ಬೆಳಕಿನ ಕಡೆ ತಿರುಗಿಸಿದ. ಅಷ್ಟು ದಪ್ಪ ಅಕ್ಷರವೂ ಕಾಣಲಿಲ್ಲ ಅವನಿಗೆ. ಆಮೇಲೆ ಎಂದಿನಂತೆ ತಲೆಯಾಡಿಸಲು ಹೊರಟ.

ಆಡಿಸಿದರೆ ಆಯಿತು, ನನ್ನ ಕೆಲಸ ಆದಂತೆಯೇ. ಆದರೆ ನಾಳೆ ಬೆಳಿಗ್ಗೆ ಅವನು ಏನೆಂದು ಬರುತ್ತಾನೆ? ಓದದೆ ಒಪ್ಪಿದ್ದನ್ನು ಅವನ ಮೇಲೆ ಹೇರುವುದೇ? ಯಾರಿಂದಾದರೂ ಓದಿಸೋಣವೆಂದರೆ ಗಾದೆಮ್ಮನಿಗೆ ಅಕ್ಷರ ಬಾರದು. ಸುತ್ತ ನಿಂತವರಲ್ಲಿ ಒಬ್ಬನನ್ನು ಕರೆದರೆ, ಕಮಾಲಸಾಬನಿಗೆ ಕಾಣುವುದಿಲ್ಲ ಎಂದು ನಾಳೆ ಇಡೀ ಊರಿಗೆ ಗೊತ್ತು. ಆಣೆಯಲ್ಲಿ ಒಂದು ಸಂದಿ ಸಿಕ್ಕೀತೇ ಎಂದು ಹುಡುಕಿದೆ. ಓದುವುದು ಮಾತಾಡಿದಂತಲ್ಲ ಅನ್ನಬಹುದಿತ್ತು. ಗಾದೆಮ್ಮನ ಕಡೆ ತಿರುಗಿ ಓದಿದರೆ ಅವನ ಕೂಡ ಆಡಿದಂತಲ್ಲ ಅನ್ನಬಹುದಿತ್ತು. ಇಂಥ ಹತ್ತು ಸಂದಿ ನನಗೆ ಗೊತ್ತು. ಅವನ ಮುಖ ನೋಡುತ್ತಾ ಒಂದೂ ಬೇಡವೆನಿಸಿತು.

ಸುತ್ತಲಿದ್ದವರನ್ನು ಕಣ್ಣಲ್ಲೇ ಕಳಿಸಿದಳು ಗಾದೆಮ್ಮ. ನಾನು ಅವನ ಗದ್ದ ಹಿಡಿದುಬಿಟ್ಟೆ.

"ತಲಿ ಆಡಿಸಬ್ಯಾಡ ಕಮಾಲ. ನೀನು ಓದಿಲ್ಲ."

ನಲವತ್ತು ದಿನದ ಮೇಲೆ ನನ್ನ ದನಿ ನನಗೇ ಹೊಸದಾಗಿತ್ತು. ಅವನು ಪಾಟಿ ಕೆಳಗಿಟ್ಟ.

"ನಾ ಓದ್ತೀನಿ ಕೇಳು" ಅಂದು, ಅವನ ಕಿವಿಯ ಹತ್ತಿರ ಬಗ್ಗಿ ಪಾಟಿಯಲ್ಲಿದ್ದದ್ದನ್ನು ಓದಿದೆ. ಆಮೇಲೆ ಪಾಟಿಯಲ್ಲಿ ಇಲ್ಲದ್ದನ್ನೂ ಹೇಳಿದೆ. "ಜೊತಿಗೆ ನಾ ಇರ್ತೀನಿ. ವಾರ ಅಂದ್ರ ವಾರ. ಆವತ್ತು ನಿನಗ ಕಳ್ಳ ಅಂದೆ. ತಪ್ಪು ನಂದು."

ಅವನು ಗುಂಡಿಗಳನ್ನು ಒಂದೊಂದಾಗಿ ಮುಷ್ಟಿಗೆ ಸೇರಿಸಿಕೊಂಡ. "ಎಷ್ಟು ಗಂಟಿಗೆ?" ಎಂದ.

"ಎಂಟಕ್ಕ."

"ನಿನ್ನ ವಾಚು ನಿಂತೈತಿ. ನಾನ ಬಂದು ಕರೀತೀನಿ" ಎಂದು ಎದ್ದು ಅಂಗಡಿಯ ಕಡೆ ನಡೆದ. ಮೆಟ್ಟಿಲ ಹತ್ತಿರ ಗೋಡೆ ಹಿಡಿದುಕೊಂಡ. ಇಷ್ಟು ದಿನ ಅದನ್ನೂ ನಾನು ನೋಡಿರಲಿಲ್ಲ.

ಆಣೆ ಮುರಿಯಿತು. ಕೊಟ್ರಪ್ಪನಿಗೆ ಕಾಯಿ ಒಡೆಸಲು ಕಲ್ಯಾಣಮ್ಮ ನಾಳೆ ಕೊಟ್ಟೂರಿನ ಬಸ್ಸಿಗೆ ಹೋಗುತ್ತಾಳಂತೆ. ಅಲ್ಲಿ ಏನು ಹೇಳಬೇಕು ಎಂದು ಕೇಳಿದಳು. ಏನೂ ಬರೆದುಕೊಡಲಿಲ್ಲ, ಇದ್ದದ್ದು ಇದ್ದಂತೆ ಹೇಳು ಅಂದೆ.

24 ಫೆಬ್ರವರಿ, ಶಾಲೆಯಲ್ಲಿ

ಎಡಗಣ್ಣಿನದು ಆಯಿತು. ಚೆನ್ನಾಗಿ ಆಗಿದೆಯಂತೆ. ತರಗತಿಯ ನೆಲದ ಮೇಲೆ ಸಾಲಾಗಿ ಹಸಿರು ಪಟ್ಟಿ ಕಟ್ಟಿದವರು ಮಲಗಿದ್ದಾರೆ, ಅವರ ಮಧ್ಯೆ ನಾವು. ಅಲುಗಬಾರದು, ಕೆಮ್ಮಬಾರದು, ನಗಬಾರದು ಎಂದು ಡಾಕ್ಟರು ಹೇಳಿದ್ದಾರೆ. ಅಳಬಾರದು ಎಂದೂ ಹೇಳಬೇಕಿತ್ತು, ಅದೊಂದನ್ನು ಬಿಟ್ಟಿದ್ದಾರೆ. ಬಾಯಲ್ಲೇ ಹುಲಿ-ಕುರಿ ಆಡಿದೆವು. ಕಮಾಲನೇ ಗೆದ್ದ.

11 ಮಾರ್ಚ್, ಬುಧವಾರ

ಪಟ್ಟಿ ಬಿಚ್ಚಿದ್ದಾರೆ, ಕನ್ನಡಕ ಮುಂದಿನ ತಿಂಗಳು. ಈಗ ಬೆಳಕು ಕಾಣುತ್ತದೆ, ಅಕ್ಷರವಿಲ್ಲ.

ಹಳೆಯ ಪಾಟಿ ನನ್ನ ಕೋಣೆಯಲ್ಲಿದೆ. ನಾಲ್ಕನೆಯ ಸಾಲು ಅದರ ಮೇಲೆಯೇ ಇದೆ. ಕನ್ನಡಕ ಬಂದ ದಿನ ಅವನು ಓದುವುದು ಅದನ್ನೇ. ಬಾಯಲ್ಲಿ ತಪ್ಪು ಒಪ್ಪಿದ್ದೇನೆ, ನಿಜ. ಆದರೆ ಸಿಟ್ಟಿನಲ್ಲಿ ಅಂದದ್ದು ಬೇರೆ, ಹದಿನಾಲ್ಕು ದಿನ ಬಿಟ್ಟು ಸಣ್ಣ ಅಕ್ಷರದಲ್ಲಿ ಕೂತು ಬರೆದದ್ದು ಬೇರೆ. ಹೆಬ್ಬೆರಳು ಒದ್ದೆ ಮಾಡಿ ಅದರ ಮೇಲೆ ಹಿಡಿದೆ. ಒರೆಸಿದರೆ ಯಾರಿಗೂ ತಿಳಿಯದು. ಮೂರನೆಯದರಲ್ಲಿ ಒಬ್ಬನೇ ಅಳಿಸುವಂತಿಲ್ಲ ಎಂದು ನಾನೇ ಬರೆದಿದ್ದೇನೆ. ಬೆರಳು ಪಂಚೆಗೆ ಒರೆಸಿಕೊಂಡೆ.

6 ಏಪ್ರಿಲ್, ಸೋಮವಾರ

ಸೋಡಾ ಬಾಟಲಿಯ ತಳದಂಥ ಕನ್ನಡಕ ಹಾಕಿಕೊಂಡು ಬಂದ. ಕಣ್ಣು ಎರಡರಷ್ಟು ದೊಡ್ಡದಾಗಿ ಕಾಣುತ್ತಿತ್ತು. ಗಾದೆಮ್ಮನನ್ನು ನೋಡಿ, "ನಿನಗ ಇಷ್ಟು ವಯಸ್ಸಾಗೈತೇನ" ಎಂದು ಆಕೆಯಿಂದ ಬೈಸಿಕೊಂಡ. ಕಟ್ಟೆಯ ಮೇಲೆ ಕೂತ ಮೇಲೆ ಕೇಳಿದ್ದೇ ಪಾಟಿ.

ಕೊಟ್ಟೆ. ಒಂದೊಂದೇ ಸಾಲನ್ನು ಬೆರಳಿಟ್ಟು ಗಟ್ಟಿಯಾಗಿ ಓದಿದ. ಒಂದು, ಎರಡು, ಮೂರು. ನಾಲ್ಕಕ್ಕೆ ದನಿ ನಿಂತಿತು. ನಾನು ಕಚೇರಿಯ ಗೇಟಿನ ಕಡೆ ನೋಡುತ್ತಾ ಕೂತೆ.

"ಇದು ಯಾವಾಗ ಬರದಿದ್ದಿ?"

"ಮೊದಲನೇ ದಿನ."

"ನಾ ತಲಿ ಆಡಿಸಿದ್ನಾ?"

"ಆಡಿಸಿದಿ."

ಅವನ ಬೆರಳು ಮತ್ತೆ ಎರಡನೆಯ ಸಾಲಿಗೆ ಹೋಯಿತು. ನಿಧಾನವಾಗಿ ಓದಿದ, ಮಗ್ಗಿ ಒಪ್ಪಿಸುವವನಂತೆ. "ಸೋತವನು ಅದನ್ನು ಓದಿ ತಲೆಯಾಡಿಸಿದ ಮೇಲೆಯೇ ಅದು ಜಾರಿ." ತಲೆ ಎತ್ತಿದ. "ನಾ ಬರೇ ತಲಿ ಆಡಿಸೀನಿ, ಓದಿದ್ದಿಲ್ಲ. ಹಂಗಾದ್ರ ಇದು ಯಾವತ್ತೂ ಕಾಯ್ದೆ ಆಗಿದ್ದೇ ಇಲ್ಲ. ಇವತ್ತು ಓದೀನಿ. ತಲಿ ಆಡಿಸಂಗಿಲ್ಲ."

ಅಲ್ಲಿಗೆ ಬಿಡಬಹುದಿತ್ತು. ಆದರೂ ನನ್ನೊಳಗಿನ ಪತ್ರ ಬರೆಯುವವನು ಸುಮ್ಮನಿರಲಿಲ್ಲ. "ಹಂಗಂದ್ರ ಮೊದಲಿನ ಮೂರು ಬಿಟ್ರ ನಾನು ಬರದಿದ್ದು ಒಂದೂ ಜಾರಿ ಆಗಿಲ್ಲ?"

"ಒಂದೂ ಆಗಿಲ್ಲ. ನನ್ನವಷ್ಟ ಉಳದಾವು."

"ಕ್ಯಾಂಪಿಗೆ ಬರಬೇಕು ಅಂತ ಬರದದ್ದು?"

"ಅದನ್ನೂ ನಾನೆಲ್ಲಿ ಓದೀನಿ, ನೀನು ಓದಿದಿ."

"ಮತ್ತ್ಯಾಕ ಬಂದಿ?"

ಕಮಾಲ ಕನ್ನಡಕ ತೆಗೆದು ಅಂಗಿಯ ತುದಿಗೆ ಒರೆಸಿದ. "ನಲವತ್ತು ದಿನ ಆದ್ಮ್ಯಾಲೆ ಬಾಯಿ ಬಿಟ್ಟು ಕರದಿ. ಬರದ ಇರ್ತೀನೇನಲೇ?"

ಪಾಟಿಯನ್ನು ನನ್ನ ಕಡೆ ಸರಿಸಿ, "ಅಳಿಸು. ಜಾರಿ ಆದದ್ದಕ್ಕಷ್ಟ ಇಬ್ರ ಕೈ ಬೇಕು. ಇದಕ್ಕ ನೀನೊಬ್ನ ಸಾಕು" ಅಂದ. ನಿಜ, ಮೂರನೆಯದರಲ್ಲಿ ಹಾಗೆಯೇ ಇದೆ. ತಿಂಗಳೆಲ್ಲಾ ಒದ್ದಾಡಿದ ನನಗೆ ಅದು ಹೊಳೆದಿರಲಿಲ್ಲ.

"ಇರಲಿ. ನಿನ್ನ ಕೈನೂ ಹಚ್ಚು" ಅಂದೆ.

ಹಚ್ಚಿದ. ಗಾದೆಮ್ಮ ಒದ್ದೆ ಬಟ್ಟೆ ಕೊಟ್ಟಳು. ಆ ಒಂದು ಸಾಲು ಹೋಯಿತು, ಮಿಕ್ಕವು ಇವೆ. ಆಮೇಲೆ ಗುಂಡಿ ಹೂಡಿ ಹೊತ್ತು ಮುಳುಗುವ ತನಕ ಆಡಿದೆವು. ನಾಳೆ ನನ್ನ ವಾಚು ಬಿಚ್ಚುತ್ತಾನಂತೆ.